ಸರಾಸರಿಯಲ್ಲಿ ಕಳೆದುಹೋದ ಸಂಜೆಗಳು

1994ರಲ್ಲಿ ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಟೋಬಿಯಾಸ್ ಓಟಿಕರ್ ಕೆಲಸ ಮಾಡುತ್ತಿದ್ದ ಕಡೆ ಹೊರಜಗತ್ತಿಗೆ ಇದ್ದದ್ದು ಒಂದೇ 64 ಕೆಬಿಪಿಎಸ್ ಲೈನು. ಅದು ತುಂಬಿದೆಯೋ, ಖಾಲಿ ಇದೆಯೋ ಅನ್ನೋ ಕುತೂಹಲ ಎಲ್ಲರಿಗೂ. ಅವರು ಪರ್ಲ್‌ನಲ್ಲಿ ಒಂದು ಪ್ರೋಗ್ರಾಂ ಬರೆದರು. ಐದು ನಿಮಿಷಕ್ಕೊಮ್ಮೆ ರೂಟರನ್ನು "ಎಷ್ಟು ಬೈಟ್ ಹೋಯ್ತು, ಎಷ್ಟು ಬಂತು?" ಅಂತ ಕೇಳಿ ಗ್ರಾಫ್ ಬಿಡಿಸೋದು ಅದರ ಕೆಲಸ. ಅದೇ ಎಂಆರ್‌ಟಿಜಿ.

ನಮ್ಮಲ್ಲಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. 2004ರ ಸರ್ಕಾರಿ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್! 2013ರಲ್ಲಿ ಅದು 512 ಆಯ್ತು, 2023ರಲ್ಲಿ 2 ಎಂಬಿಪಿಎಸ್. ಬಿಎಸ್‌ಎನ್‌ಎಲ್‌ನ ಡೇಟಾಒನ್ ಕಾಲ ನೆನಪಿರಬೇಕಲ್ಲ? ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲದ ಡೌನ್‌ಲೋಡ್. ಆಗ ಗ್ರಾಫ್ ಹಾಕಿದ್ದವರ ಮನೆಯಲ್ಲಿ ಎರಡು ಗಂಟೆಗೆ ಸರಿಯಾಗಿ ಗೋಡೆ ಎದ್ದು, ಎಂಟಕ್ಕೆ ಬೀಳುತ್ತಿತ್ತು.

ಈಗ ಹಲಸೂರಿನ ಪಕ್ಕದ ನಮ್ಮ ಮರ್ಫಿ ಟೌನಿಗೆ ಬನ್ನಿ. ಹಿಂದೆ ಇದು ನಾಕ್ಸ್‌ಪೇಟೆ. ಆಮೇಲೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರ್ ಡಬ್ಲ್ಯು. ಎಚ್. ಮರ್ಫಿ ಹೆಸರು ಬಂತು. ದುಡಿಯುವ ಜನರಿಗಾಗಿ ಮಾಡಿದ ಬಡಾವಣೆ, ಮನೆಗಳು ಒತ್ತೊತ್ತು. ಕೇಬಲ್ಲು ಕಂಬದಿಂದ ಕಂಬಕ್ಕೆ, ಮರದಿಂದ ಮಹಡಿಗೆ ಹಾರುತ್ತೆ. ಒಂದೇ ಲೈನನ್ನು ಹಲವು ಮನೆಗಳು ಹಂಚಿಕೊಂಡಾಗ ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಎಂಆರ್‌ಟಿಜಿ ಒಂದೇ ಸಾಲದು. ಗೆರೆ ಕೆಳಗಿದ್ದರೆ ಲೈನು ನಿಧಾನವೋ, ಮನೆಯಲ್ಲಿ ಯಾರೂ ಬಳಸುತ್ತಿಲ್ಲವೋ ಗೊತ್ತಾಗಲ್ಲ. ಜೊತೆಗೆ, ಹಳೇ 32 ಬಿಟ್ ಲೆಕ್ಕದ ಮೀಟರು ಸುಮಾರು 429 ಕೋಟಿ ಬೈಟಿಗೆ ಮತ್ತೆ ಸೊನ್ನೆಯಾಗುತ್ತೆ. 300 ಎಂಬಿಪಿಎಸ್ ಫೈಬರ್ ಪೂರ್ತಿ ಓಡಿದರೆ ಅದಕ್ಕೆ ಎರಡು ನಿಮಿಷವೂ ಬೇಡ, ನಾವು ನೋಡೋದು ಐದು ನಿಮಿಷಕ್ಕೊಮ್ಮೆ. 64 ಬಿಟ್ ಮೀಟರು ಬಂದದ್ದು ಇದಕ್ಕೇ. ಲೈನಿನ ಆರೋಗ್ಯ ತಿಳಿಯೋಕೆ ಓಟಿಕರ್ ಅವರದೇ ಸ್ಮೋಕ್‌ಪಿಂಗ್ ಇದೆ. ಪಿಂಗ್ ಕಳಿಸಿ, ಉತ್ತರ ಎಷ್ಟು ತಡವಾಯ್ತು, ಎಷ್ಟು ಕಳೆದುಹೋಯ್ತು ಅಂತ ಬರೆದಿಡುತ್ತೆ. ತಡ ಏರುಪೇರಾದಷ್ಟೂ ಗೆರೆಯ ಸುತ್ತ ಹೊಗೆ ದಟ್ಟ.

ನಮ್ಮ ಮನೆ ಗ್ರಾಫಿನಲ್ಲಿ ರಾತ್ರಿ 8ರಿಂದ 11ರವರೆಗೆ ಒಲೆ ಊದಿದ ಹಾಗೆ ಹೊಗೆ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದರೆ, "ನಮ್ಮ ಕಡೆ ಸರಿ ಇದೆ, ರೂಟರ್ ಆಫ್ ಮಾಡಿ ಆನ್ ಮಾಡಿ." ಹದಿನೈದು ಸಂಜೆಗಳ ಚಿತ್ರ ಕಳಿಸಿದ ಮೇಲೆ ಲೈನ್‌ಮನ್ ಬಂದು ಬೀದಿಯ ಮನೆಗಳನ್ನು ಎರಡು ಲೈನಿಗೆ ಹಂಚಿದರು.

ಆ ಚಿತ್ರಗಳನ್ನು ಆಗಲೇ ತೆಗೆದಿಟ್ಟಿದ್ದಕ್ಕೆ ಕಾರಣವಿದೆ. ಎಂಆರ್‌ಟಿಜಿ ಇತಿಹಾಸವನ್ನು ಉಳಿಸುತ್ತೆ, ಆದರೆ ಹಿಂಡಿ ಉಳಿಸುತ್ತೆ. ದಿನದ ಗ್ರಾಫಿನಲ್ಲಿ ಐದು ನಿಮಿಷದ ಸರಾಸರಿ, ವಾರಕ್ಕೆ ಅರ್ಧ ಗಂಟೆಯದು, ತಿಂಗಳಿಗೆ ಎರಡು ಗಂಟೆಯದು, ವರ್ಷಕ್ಕೆ ಇಡೀ ದಿನದ್ದು. ಫೈಲು ಬೆಳೆಯಬಾರದು ಅನ್ನೋ ಜಾಣತನ ಅದು. 1999ರ ಆರ್‌ಆರ್‌ಡಿಟೂಲ್ ಕೂಡ ಇದೇ ದಾರಿ ಹಿಡಿಯಿತು. ಸ್ಮೋಕ್‌ಪಿಂಗ್ ನಿಂತಿರೋದು ಅದರ ಮೇಲೇ. ಮೂರು ಗಂಟೆಯ ನರಳಾಟ ವರ್ಷದ ಗೆರೆಯಲ್ಲಿ ಕಾಣೋದೇ ಇಲ್ಲ. ಕಂಪನಿಗಳು ತೋರಿಸೋ ತಿಂಗಳ ಸರಾಸರಿಯೂ ಹಾಗೇ: ಸುಳ್ಳಲ್ಲ, ಆದರೆ ಅದರಲ್ಲಿ ನಿಮ್ಮ ಸಂಜೆ ಇರೋದಿಲ್ಲ. ಅದನ್ನು ನೀವೇ ಬರೆದಿಟ್ಟುಕೊಳ್ಳಬೇಕು.