ಮೊದಲು ತಂತಿ, ಆಮೇಲೆ ವರ್ಧಕ

ಉಪ್ಪಿನಂಗಡಿಯಿಂದ ಕಡಬದ ದಾರಿ ಹಿಡಿದು ಹೊರಟರೆ ನಡುವೆ ಕೊಯಿಲ ಸಿಗುತ್ತದೆ. ಸುತ್ತಲೂ ಗುಡ್ಡ, ತಗ್ಗಿನಲ್ಲಿ ಅಡಕೆಯ ತೋಟ, ಮೂಡಲಿಗೆ ಘಟ್ಟದ ಸಾಲು. ಇಂಥ ಊರಿನಲ್ಲಿ ಕುಳಿತು ದೂರದ ದನಿಯನ್ನು ಹಿಡಿಯಹೊರಟವರಿಗೆ ಒಂದು ಆಸೆ ಹುಟ್ಟುವುದು ಸಹಜ. ಏರಿಯಲ್ಲಿನ ತಂತಿ ಸೆಟ್ಟನ್ನು ಸೇರುವ ಮೊದಲೇ, ನಡುವೆ ಕೈಯಾರೆ ಕಟ್ಟಿದ ವರ್ಧಕವೊಂದನ್ನು ಇಟ್ಟರೆ ಆ ಕ್ಷೀಣವಾದ ದನಿ ಬಲಗೊಳ್ಳಲಾರದೆ? ರೇಡಿಯೋ ಕೇಳುವವರಂತೆ, ಸಿಟಿಜನ್ ಬ್ಯಾಂಡಿನ ಮಾತಿನ ಸೆಟ್ಟನ್ನು ಇಟ್ಟುಕೊಂಡ ಹವ್ಯಾಸಿಗಳೂ ಕೇಳುವ ಪ್ರಶ್ನೆಯಿದು. ಉತ್ತರವನ್ನು ಬಾನುಲಿಯ ಚರಿತ್ರೆಯಲ್ಲಿಯೇ ಹುಡುಕೋಣ, ಬನ್ನಿ.

ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದಾಗ ಅವರ ಬಳಿ ಇದ್ದುದು 30 ವಾಟ್‌ನ ಪುಟ್ಟ ಪ್ರೇಷಕ. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ ನಿಲಯಗಳು ಬಂದವು. ಕರಾವಳಿಗೆ ಮಂಗಳೂರು ನಿಲಯ ದೊರೆತದ್ದು 1976ರ ಡಿಸೆಂಬರ್ 11ರಂದು. ಅಲ್ಲಿಯವರೆಗೆ ಘಟ್ಟದ ಕೆಳಗಿನವರು ಕನ್ನಡದ ಪ್ರಸಾರಕ್ಕೆ ಘಟ್ಟದ ಮೇಲಿನ ನಿಲಯಗಳನ್ನೇ ನಂಬಬೇಕಾಗಿತ್ತು. ಹಗಲಿನಲ್ಲಿ ಮಧ್ಯಮ ತರಂಗವು ನೆಲವನ್ನು ಅಪ್ಪಿಕೊಂಡು ಬರುತ್ತ ದೂರ ಹೋದಂತೆಲ್ಲ ಸೊರಗುತ್ತದೆ. ಇರುಳಾದ ಮೇಲೆ ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ನೂರಾರು ಮೈಲಿ ಸಾಗುತ್ತದೆ. ಆದರೆ ಜೊತೆಗೆ ಬೇರೆ ನಿಲಯಗಳ ಗದ್ದಲವನ್ನೂ ತರುತ್ತದೆ. ಆಗಿನ ಸೆಟ್ಟಿಗೆ ಜನರು ಮಾಡುತ್ತಿದ್ದ ಉಪಚಾರ ಎರಡೇ: ಮರದಿಂದ ಮರಕ್ಕೆ ಉದ್ದನೆಯ ತಂತಿ, ತೇವವಾದ ನೆಲದಲ್ಲಿ ಹೂತ ಅರ್ತ್.

ಇನ್ನು ವರ್ಧಕದ ಕಥೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ಅಂಗಗಳ ವಾಲ್ವನ್ನು ರಚಿಸಿದನು. ಕೆಲವೇ ವರ್ಷಗಳಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ತರುಣನು ವಾಲ್ವಿನಿಂದ ಹೊರಬಂದ ಶಕ್ತಿಯ ಒಂದಂಶವನ್ನು ಮತ್ತೆ ಅದರ ಬಾಗಿಲಿಗೇ ಊಡಿಸಿ, ದನಿಯನ್ನು ಅನೇಕ ಪಟ್ಟು ಬಲಪಡಿಸಿದನು. ಆದರೆ ಊಡಿಕೆ ಮಿತಿಮೀರಿದರೆ ಸೆಟ್ಟು ತಾನೇ ಪ್ರೇಷಕವಾಗಿ ಕೂಗತೊಡಗಿ, ನೆರೆಮನೆಯ ರೇಡಿಯೋವನ್ನೂ ಕೆಡಿಸುತ್ತಿತ್ತು. 1928ರಲ್ಲಿ ಜಾನ್ಸನ್ ಮತ್ತು ನೈಕ್ವಿಸ್ಟ್ ಎಂಬವರು ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು: ಶಾಖವಿರುವ ಪ್ರತಿಯೊಂದು ವಿದ್ಯುದ್ವಾಹಕದಲ್ಲಿಯೂ ಒಂದು ಸಣ್ಣ ಗದ್ದಲ ಇದ್ದೇ ಇರುತ್ತದೆ. 1944ರಲ್ಲಿ ಹೆರಾಲ್ಡ್ ಫ್ರಿಸ್ ಅದಕ್ಕೆ ಲೆಕ್ಕ ಹಾಕಿದನು. ಮೊದಲ ಮೆಟ್ಟಿಲಿನ ವರ್ಧಕವು ಸಾಕಷ್ಟು ಬಲವುಳ್ಳದ್ದಾದರೆ, ಸೆಟ್ಟಿನೊಳಗಿನ ಗದ್ದಲದ ಪ್ರಮಾಣ ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಗುತ್ತದೆ.

ಹಾಗಾದರೆ ಒಳ್ಳೆಯ ವರ್ಧಕವನ್ನು ಮುಂದಿಟ್ಟರೆ ಸಾಕಲ್ಲವೆ ಎನ್ನುವಿರಿ. ಅವಸರ ಬೇಡ. 1930ರ ದಶಕದ ಆರಂಭದಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರು 20.5 ಮೆಗಾಹರ್ಟ್ಸ್‌ನಲ್ಲಿ ಒಂದು ಎಡೆಬಿಡದ ‘ಸುಯ್’ ಸದ್ದನ್ನು ಕೇಳಿದನು. ಅದು ಸೆಟ್ಟಿನದಾಗಿರಲಿಲ್ಲ, ಆಕಾಶಗಂಗೆಯಿಂದ ಬರುತ್ತಿತ್ತು! ಸಿಟಿಜನ್ ಬ್ಯಾಂಡಿನ 27 ಮೆಗಾಹರ್ಟ್ಸ್ ಇದರ ಸಮೀಪದ್ದೇ. ಅಲ್ಲಿ ಏರಿಯಲ್ಲಿನಿಂದ ಇಳಿದುಬರುವ ಗದ್ದಲವು ಉತ್ತಮವಾದ ಸೆಟ್ಟಿನ ಒಳಗದ್ದಲಕ್ಕಿಂತ ಹೆಚ್ಚು. ಮಧ್ಯಮ ತರಂಗದಲ್ಲಿ ಸಿಡಿಲಿನ ಚಿಟಚಿಟ ಇನ್ನೂ ಹೆಚ್ಚು. ವರ್ಧಕವು ದನಿ ಯಾವುದು, ಗದ್ದಲ ಯಾವುದು ಎಂದು ಅರಿಯದು. ಎರಡನ್ನೂ ಒಂದೇ ಸಮನೆ ದೊಡ್ಡದು ಮಾಡುತ್ತದೆ. ಕಲ್ಲು ಬೆರೆತ ಅಕ್ಕಿಯನ್ನು ದೊಡ್ಡ ಪಾತ್ರೆಗೆ ಸುರಿದ ಮಾತ್ರಕ್ಕೆ ಕಲ್ಲು ಕಡಮೆಯಾದೀತೆ?

ಹಣ ಖರ್ಚು ಮಾಡುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಯಾವ ಮಾತೂ ಇಲ್ಲದ ಜಾಗಕ್ಕೆ ಸೆಟ್ಟನ್ನು ತಿರುಗಿಸಿ, ಏರಿಯಲ್ಲನ್ನು ಕಳಚಿರಿ. ಸದ್ದು ಚೆನ್ನಾಗಿ ಇಳಿದರೆ ಹೊರಗಿನ ಗದ್ದಲ ಆಗಲೇ ಸೆಟ್ಟಿಗೆ ಕೇಳಿಸುತ್ತಿದೆ ಎಂದು ಅರ್ಥ, ವರ್ಧಕದಿಂದ ಲಾಭವಿಲ್ಲ. ಸದ್ದು ಇದ್ದಂತೆಯೇ ಇದ್ದರೆ ಸೆಟ್ಟು ಮಂದವಾಗಿರಬಹುದು, ಇಲ್ಲವೆ ಉದ್ದದ ಕೇಬಲ್ಲಿನಲ್ಲಿ ದನಿ ಸೋರುತ್ತಿರಬಹುದು. ಅಂಥಲ್ಲಿ ಒಂದೇ ಟ್ರಾನ್ಸಿಸ್ಟರಿನ ವರ್ಧಕವೂ ಉಪಕಾರಿ. ಅದನ್ನು ಏರಿಯಲ್ಲಿನ ತುದಿಯಲ್ಲಿಯೇ, ಲೋಹದ ಡಬ್ಬಿಯೊಳಗೆ, ಬರುವ ತಂತಿಗೂ ಹೋಗುವ ತಂತಿಗೂ ಅಂತರವಿಟ್ಟು ಕಟ್ಟಬೇಕು. ಇಲ್ಲದಿದ್ದರೆ ಆರ್ಮ್‌ಸ್ಟ್ರಾಂಗನ ಕಾಲದ ಕೂಗು ನಿಮ್ಮ ಮನೆಯಲ್ಲಿ ಮತ್ತೆ ಕೇಳಿಸೀತು. ನಮ್ಮ ದೇಶದಲ್ಲಿ 2005ರ ನಿಯಮಗಳು ಲೈಸೆನ್ಸಿನಿಂದ ವಿನಾಯಿತಿ ಕೊಟ್ಟ ಸಿಟಿಜನ್ ಬ್ಯಾಂಡಿನ ಸೆಟ್ಟುಗಳ ಮಿತಿ 5 ವಾಟ್ ಆಗಿತ್ತು. ಅಷ್ಟು ಶಕ್ತಿ ಹಿಂದಿನಿಂದ ನುಗ್ಗಿದರೂ ಸಾಕು, ವರ್ಧಕದ ಟ್ರಾನ್ಸಿಸ್ಟರು ಸುಟ್ಟುಹೋಗುತ್ತದೆ. ಆದುದರಿಂದ ಮಾತನಾಡುವಾಗ ವರ್ಧಕವನ್ನು ಬದಿಗೆ ಸರಿಸುವ ರಿಲೇ ಕಡ್ಡಾಯವೆಂದೇ ತಿಳಿಯಿರಿ.

ಇನ್ನೊಂದು ಮಾತು. ಇಂದಿನ ಮನೆಗಳಲ್ಲಿ ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು ಮೊದಲಾದವು ತಾವೇ ಗದ್ದಲ ಎಬ್ಬಿಸುತ್ತವೆ. ಮುಂದಿನ ಸಲ ಕರೆಂಟು ಹೋದಾಗ ಬ್ಯಾಟರಿಯ ಸೆಟ್ಟನ್ನು ಹಚ್ಚಿ ಕೇಳಿ. ಕೇಳಿಸದಿದ್ದ ನಿಲಯ ಆಗ ಸ್ಪಷ್ಟವಾದರೆ ನಿಮ್ಮ ಕೊರತೆ ವರ್ಧಕದ್ದಲ್ಲ. ಏರಿಯಲ್ಲನ್ನು ಮನೆಯಿಂದಲೂ ಕರೆಂಟಿನ ತಂತಿಯಿಂದಲೂ ದೂರಕ್ಕೆ, ತೋಟದ ಕಡೆಗೆ ಒಯ್ಯಿರಿ. ವಿದ್ಯುತ್ ಲೈನಿನ ಹತ್ತಿರ ಮಾತ್ರ ಸುಳಿಯಬೇಡಿ. ಮೊದಲ ಗುಡುಗು ಕೇಳಿಸುವ ಮೊದಲೇ, ಮೋಡ ಕವಿಯುತ್ತಿದ್ದಂತೆ, ಅದನ್ನು ಸೆಟ್ಟಿನಿಂದ ಕಳಚಿ ಹೊರಗಿಡಿ. ಇಷ್ಟಾದ ಮೇಲೂ ದನಿ ಸಾಲದಿದ್ದರೆ, ಆಗ ವರ್ಧಕದ ಯೋಚನೆ ಮಾಡಬಹುದು.