ಮಿಲ್ಲು ಎಂದರೆ ಯಾವ ಮಿಲ್ಲು?

ದಾವಣಗೆರೆಯಲ್ಲಿ ‘ಯಜಮಾನರು ಮಿಲ್ಲಿಗೆ ಹೋಗಿದ್ದಾರೆ’ ಎಂದರೆ ಒಂದು ಕಾಲಕ್ಕೆ ಎರಡನೆಯ ಅರ್ಥವಿರಲಿಲ್ಲ. ಪಾಳಿಯ ಮೇಲೆ ಹತ್ತಿಗಿರಣಿಗೆ ಹೋಗಿದ್ದಾರೆಂದೇ ತಿಳಿಯಬೇಕು. ಈಗ ಅದೇ ಮಾತು ಕಿವಿಗೆ ಬಿದ್ದರೆ, ಜೋಳದ ಚೀಲ ಹೊತ್ತು ಹಿಟ್ಟು ಬೀಸಿಸಲು ಹೋಗಿರಬೇಕೆಂದು ನಿಮಗೆ ತೋರೀತು.

ಮೂಲದ ಅರ್ಥ ಹಿಟ್ಟಿನದೇ. ಲ್ಯಾಟಿನ್ ಭಾಷೆಯಲ್ಲಿ ‘ಮೊಲೆರೆ’ ಎಂದರೆ ಬೀಸುವುದು. ದವಡೆಹಲ್ಲಿಗೆ ಇಂಗ್ಲಿಷಿನವರು ‘ಮೋಲರ್’ ಎನ್ನುವುದೂ ಆ ಬೇರಿನಿಂದಲೇ. ಯೂರೋಪಿನಲ್ಲಿ ಬೀಸುವ ಕಲ್ಲನ್ನು ಹೊಳೆಯ ನೀರಿನ ಚಕ್ರದಿಂದ ತಿರುಗಿಸುತ್ತಿದ್ದರು. ಬರಬರುತ್ತ ಅದೇ ಚಕ್ರಕ್ಕೆ ಗರಗಸ ಹೂಡಿದರು, ಬಟ್ಟೆ ಕುಟ್ಟುವ ಕೊಡತಿಗಳನ್ನು ಹೂಡಿದರು. ಬೀಸುವ ಕೆಲಸ ಹೋಯಿತು, ಹೆಸರು ಉಳಿಯಿತು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡಿನಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಕಾರ್ಖಾನೆಗೆ ಕೈಹಾಕಿದಾಗ ಅದೂ ‘ಮಿಲ್’ ಆಯಿತು.

ನಮ್ಮ ರೀತಿಯೇ ಬೇರೆ. ಧಾನ್ಯಕ್ಕೆ ಬೀಸುಕಲ್ಲು, ಎಣ್ಣೆಗೆ ಗಾಣ, ಕಬ್ಬಿಗೆ ಆಲೆ. ಇಂಗ್ಲಿಷಿನವನಿಗೆ ಈ ಮೂರೂ ಮಿಲ್ಲೇ. ಮಾತಿನ ಬಡತನ ಯಾರದೆಂದು ನೀವೇ ಹೇಳಿ! ನಾವೂ ಮರಾಠಿಗರೂ ಬಳಸುವ ‘ಗಿರಣಿ’ ಮಾತ್ರ ಮಿಲ್ಲಿನ ಜಾಡನ್ನೇ ಹಿಡಿಯಿತು. ಹಿಟ್ಟಿಗೂ ಅದೇ, ಬಟ್ಟೆಗೂ ಅದೇ. ಮುಂಬಯಿಯ ಬಟ್ಟೆ ಕೆಲಸಗಾರರು 1928ರಲ್ಲಿ ಕಟ್ಟಿದ ಸಂಘಕ್ಕೂ ಗಿರಣಿ ಕಾಮಗಾರ್ ಯೂನಿಯನ್ ಎಂದೇ ಹೆಸರು.

ದಾವಣಗೆರೆಯ ಸುತ್ತ ಹತ್ತಿಯಿತ್ತು, ಸಾಗಿಸಲು ರೈಲಿತ್ತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಎದ್ದಿತು, ಹಿಂದೆಯೇ ಇನ್ನೂ ಹಲವು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂದಿತು. ಮಂಡಕ್ಕಿ ಹುರಿಯುವ ಜಾಗ ಮಾತ್ರ ಯಾವ ಮಿಲ್ಲಿಗೂ ಸೋಲದೆ ಇಂದಿಗೂ ‘ಭಟ್ಟಿ’ಯಾಗಿಯೇ ಇದೆ.

ಇಲ್ಲಿಂದ ನಾಲ್ಕು ಹೆಜ್ಜೆ ಹರಿಹರಕ್ಕೆ ಬನ್ನಿ, ಮಾತು ಮತ್ತೆ ಮಗ್ಗುಲು ಬದಲಿಸುತ್ತದೆ. 1941ರಲ್ಲಿ ಹುಟ್ಟಿ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಈ ಊರಿನದು. ಯಂತ್ರಗೆಲಸ ಬಲ್ಲವರನ್ನು ಕೇಳಿ: ‘ಮಿಲ್ಲಿಂಗ್’ ಎಂದರೆ ತಿರುಗುವ ಹಲ್ಲುಚಕ್ರದಿಂದ ಲೋಹವನ್ನು ಹೆರೆಯುವುದು. ತುಂಗಭದ್ರೆಯನ್ನು ದಾಟಿದರೆ ಕುಮಾರಪಟ್ಟಣ. ಅಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಬಂದಿತು. ಅಲ್ಲಿ ಮರದ ಚಕ್ಕೆಯನ್ನು ಬೇಯಿಸಿ ತಿರುಳು ತೆಗೆಯುತ್ತಾರೆ. ಬೀಸುವುದಿಲ್ಲ, ನೂಲುವುದಿಲ್ಲ. ಆದರೂ ಇಂಗ್ಲಿಷಿನಲ್ಲಿ ಅದು ‘ಪಲ್ಪ್ ಮಿಲ್’.

ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿತು. ದಾವಣಗೆರೆಯ ಹತ್ತಿ ಮಿಲ್ಲುಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸಗಾರರ ಕೈಯಿಂದ ಕೂಲಿ ಹೋಯಿತು. ಊರಿನ ಬಾಯಿಂದ ಮಾತಿನ ಒಂದು ಅರ್ಥವೂ ಜಾರಿತು. ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆ ಅಲ್ಲಿದೆ. ಆ ‘ಎಂ’ ಯಾವುದರದೆಂದು ಅಲ್ಲಿಯ ಮಕ್ಕಳು ಕೇಳಿದರೆ, ಹಿಟ್ಟಿನ ಗಿರಣಿಯದಲ್ಲವೆಂದು ಹಿರಿಯರು ಬಿಡಿಸಿ ಹೇಳಬೇಕಾದೀತು.