ಉಳಿಸೋದು ಬೇರೆ, ಒಪ್ಪಿಸೋದು ಬೇರೆ: ಕಂಟ್ರೋಲ್ ಎಸ್ ಕೀಲಿಯ ಕಥೆ

ಇವತ್ತಿನ ಸಂಚಿಕೆ ನಾವೆಲ್ಲ ದಿನಕ್ಕೆ ನೂರು ಸಲ ಒತ್ತುವ ಒಂದು ಕೀಲಿಯ ಬಗ್ಗೆ. ಸೇವ್ ಕೀಲಿ. ಕೋಡ್ ಬರೆಯೋ ಎಡಿಟರ್ ತಾನಾಗಿಯೇ ಫೈಲ್ ಸೇವ್ ಮಾಡ್ಕೋಬೇಕಾ, ಇಲ್ಲಾ ನಾವು ಹೇಳಿದಾಗ ಮಾತ್ರ ಮಾಡ್ಬೇಕಾ? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಪ್ರೋಗ್ರಾಮರ್‌ಗಳು ಇದರ ಮೇಲೆ ಇವತ್ತಿಗೂ ಜಗಳ ಆಡ್ತಾರೆ.

ಕೊಡಗಿನವರಿಗೆ ಇದು ಬರೀ ಇಷ್ಟದ ಪ್ರಶ್ನೆ ಅಲ್ಲ. ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಗಾಳಿಗೆ ಒಂದು ಮರ ತಂತಿ ಮೇಲೆ ಬಿದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳೇ ಜಾರಿದಾಗ ರಸ್ತೆಯೇ ಇರಲಿಲ್ಲ, ಕರೆಂಟ್ ಮಾತು ಬಿಡಿ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕೆಲಸ ಹೊತ್ತುಕೊಂಡು ಊರಿಗೆ ಬಂದವರಿಗೆ ಲ್ಯಾಪ್‌ಟಾಪ್ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅನ್ನೋದೇ ದಿನದ ಲೆಕ್ಕ ಆಗಿತ್ತು. ಹಾಗಾಗಿ ಕರೆಂಟ್ ಹೋದ ಕ್ಷಣದಲ್ಲಿ ನಮ್ಮ ಬರಹ ಎಲ್ಲಿರುತ್ತೆ ಅನ್ನೋದನ್ನ ಮೊದಲಿಂದ ನೋಡೋಣ.

ಕಂಪ್ಯೂಟರ್‌ನಲ್ಲಿ ಎರಡು ಜಾಗ ಇವೆ. ಒಂದು ಮೆಮೊರಿ, ಅದು ವೇಗವಾಗಿರುತ್ತೆ, ಆದರೆ ಕರೆಂಟ್ ಹೋದ್ರೆ ಖಾಲಿ. ಇನ್ನೊಂದು ಡಿಸ್ಕ್, ಅದು ನಿಧಾನ, ಆದರೆ ಮರೆಯಲ್ಲ. ನಾವು ಟೈಪ್ ಮಾಡೋದು ಮೊದಲನೆಯದರಲ್ಲಿ. ಸೇವ್ ಅಂದ್ರೆ ಅಲ್ಲಿಂದ ಎರಡನೆಯದಕ್ಕೆ ಸಾಗಿಸೋದು. ಹಿಂದೆ ಡಿಸ್ಕ್ ಎಷ್ಟು ನಿಧಾನ ಇತ್ತು ಅಂದ್ರೆ, ಪ್ರತಿ ಅಕ್ಷರಕ್ಕೂ ಸಾಗಿಸ್ತಾ ಕೂತಿದ್ರೆ ಕೆಲಸವೇ ಸಾಗ್ತಿರಲಿಲ್ಲ. ಅದಕ್ಕೇ ಯಾವಾಗ ಸಾಗಿಸಬೇಕು ಅನ್ನೋ ತೀರ್ಮಾನ ಮನುಷ್ಯನ ಕೈಗೆ ಬಂತು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್‌ಗಾಗಿ ‘ಎಡ್’ ಅನ್ನೋ ಎಡಿಟರ್ ಬರೆದರು. ಅದರಲ್ಲಿ ‘ಡಬ್ಲ್ಯೂ’ ಅಂತ ಕೊಟ್ಟರೆ ಫೈಲ್ ಸೇವ್ ಆಗುತ್ತೆ, ಎಷ್ಟು ಅಕ್ಷರ ಬರೆದೆ ಅಂತ ಒಂದು ಸಂಖ್ಯೆ ಬರುತ್ತೆ. ಅಷ್ಟೇ, ಬೇರೆ ಮಾತಿಲ್ಲ. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ‘ವಿಐ’ ಶುರು ಮಾಡಿದರು. ಅದರಲ್ಲೂ ಸೇವ್ ಮಾಡೋದು ನಮ್ಮ ಕೈಯಲ್ಲೇ ಇತ್ತು. ಆದರೆ ಒಳಗೊಳಗೇ ಅದು ಕೆಲಸದ ನಕಲನ್ನ ಒಂದು ತಾತ್ಕಾಲಿಕ ಫೈಲಿನಲ್ಲಿ ಇಟ್ಕೊಳ್ತಿತ್ತು. ಯಂತ್ರ ಕುಸಿದು ಮತ್ತೆ ಎದ್ದಾಗ, ನಿಮ್ಮ ಬರಹ ಸಿಕ್ಕಿದೆ, ಹೀಗೆ ವಾಪಸ್ ಪಡ್ಕೊಳ್ಳಿ ಅಂತ ಬಳಕೆದಾರನಿಗೆ ಒಂದು ಮೇಲ್ ಕೂಡ ಬರ್ತಿತ್ತು.

ಇಂಥದ್ದನ್ನ ಕಟ್ಟಿದ ಬಿಲ್ ಜಾಯ್ ಅವರದೇ ಕೋಡ್ ಕಳೆದುಹೋಯ್ತು ಅನ್ನೋದು ಈ ಇತಿಹಾಸದ ತಮಾಷೆ. 1978ರ ಕೊನೆಯಲ್ಲಿ ಅವರು ವಿಐಗೆ ಹಲವು ಕಿಟಕಿಗಳನ್ನ ಸೇರಿಸ್ತಿದ್ದರು. ಬ್ಯಾಕಪ್ ತೆಗೆಯೋ ಟೇಪ್ ಡ್ರೈವ್ ಕೆಟ್ಟಿತ್ತು. ಆದರೂ ಕೆಲಸ ಮುಂದುವರಿಸಿದರು. ಕೊನೆಗೆ ಮೂಲ ಕೋಡೇ ಹಾಳಾಯ್ತು, ಪೂರ್ತಿ ಪ್ರಿಂಟ್ ಕೂಡ ಇರಲಿಲ್ಲ. ಅವರು ಆ ಕೆಲಸವನ್ನೇ ಕೈಬಿಟ್ಟರು. ಸೇವ್ ಆಗಿದೆ ಅಂದ ಮಾತ್ರಕ್ಕೆ ಬ್ಯಾಕಪ್ ಇದೆ ಅಂತ ಅಲ್ಲ.

ಈಗ ನಮ್ಮ ಕಡೆ ಬರೋಣ. ಕರ್ನಾಟಕದ ಕಾಲೇಜು ಲ್ಯಾಬ್‌ಗಳಲ್ಲಿ ಸಿ, ಸಿ ಪ್ಲಸ್ ಪ್ಲಸ್ ಕಲಿತ ಎಷ್ಟೋ ಜನರಿಗೆ ಮೊದಲ ಎಡಿಟರ್ ಬೋರ್ಲ್ಯಾಂಡ್ ಕಂಪನಿಯ ನೀಲಿ ಪರದೆಯ ಟರ್ಬೊ ಸಿ. ಅದರ ಮೊದಲ ಆವೃತ್ತಿ ಬಂದಿದ್ದು 1987ರಲ್ಲಿ. ಸೇವ್‌ಗೆ ಎಫ್2, ಕಂಪೈಲ್‌ಗೆ ಆಲ್ಟ್ ಎಫ್9, ರನ್‌ಗೆ ಕಂಟ್ರೋಲ್ ಎಫ್9. ‘ರನ್ ಮಾಡೋ ಮೊದಲು ಎಫ್2 ಒತ್ತು’ ಅನ್ನೋದು ಅಲ್ಲಿ ಬಾಯಿಪಾಠ. ಯಾಕಂದ್ರೆ ಡಾಸ್‌ನಲ್ಲಿ ನಿಮ್ಮ ಪ್ರೋಗ್ರಾಂ ಒಂದು ಕೊನೆಯಿಲ್ಲದ ಲೂಪ್‌ಗೆ ಬಿದ್ದರೆ ಇಡೀ ಕಂಪ್ಯೂಟರೇ ನಿಂತುಬಿಡುತ್ತಿತ್ತು. ರೀಸ್ಟಾರ್ಟ್ ಮಾಡಿದ್ರೆ ಬರೆದ ಕೋಡೂ ಹೋಯ್ತು. ರನ್ ಮಾಡೋ ಮುಂಚೆ ತಾನೇ ಸೇವ್ ಮಾಡೋ ಆಯ್ಕೆ ಟರ್ಬೊ ಸಿಯಲ್ಲಿ ಇತ್ತು. ಮೆನುವಿನ ಒಳಗೆ ಹೋಗಿ ಅದನ್ನ ಹಾಕೋರು ಎಷ್ಟು ಜನ?

ಇಲ್ಲೊಂದು ಪ್ರಶ್ನೆ ಬರುತ್ತೆ. 2006ರಲ್ಲಿ ಗೂಗಲ್ ‘ರೈಟ್ಲಿ’ ಅನ್ನೋ ಎಡಿಟರನ್ನ ಕೊಂಡುಕೊಂಡು ಗೂಗಲ್ ಡಾಕ್ಸ್ ಮಾಡ್ತು. 2011ರಲ್ಲಿ ಆ್ಯಪಲ್ ತನ್ನ ಲಯನ್ ಆವೃತ್ತಿಯಲ್ಲಿ ಆಟೊ ಸೇವ್ ತಂತು. ನಿಮ್ಮ ಫೋನಿನ ನೋಟ್ಸ್ ಆ್ಯಪಿನಲ್ಲಿ ಸೇವ್ ಬಟನ್ ಹುಡುಕಿದ್ರೂ ಸಿಗಲ್ಲ. ಹಾಗಿದ್ರೆ ಪ್ರೋಗ್ರಾಮರ್‌ಗಳು ಯಾಕೆ ಇನ್ನೂ ಕಂಟ್ರೋಲ್ ಎಸ್ ಒತ್ತುತ್ತಾ ಕೂತಿದ್ದಾರೆ?

ಉತ್ತರ ಸಿಗಬೇಕಾದ್ರೆ ಕಾಮರ್ಸ್ ಕಡೆ ಸ್ವಲ್ಪ ಹೋಗ್ಬೇಕು. ನಾನು ಬಿ.ಕಾಂ. ಓದಿದವನು, ನನಗೆ ಮೊದಲು ಪರಿಚಯ ಆಗಿದ್ದು ಟ್ಯಾಲಿ. 1986ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿ. ಟ್ಯಾಲಿಯಲ್ಲಿ ವೋಚರ್ ತುಂಬಿಸಿ ಕಂಟ್ರೋಲ್ ಎ ಒತ್ತಿ ‘ಅಕ್ಸೆಪ್ಟ್’ ಮಾಡಿದ ಮೇಲೇ ಅದು ಲೆಕ್ಕಕ್ಕೆ ಸೇರೋದು. ಡೆಬಿಟ್ ಬರೆದು ಕ್ರೆಡಿಟ್ ಬರೆಯದ ಅರ್ಧ ವೋಚರ್ ತಾನಾಗಿಯೇ ಪುಸ್ತಕಕ್ಕೆ ಸೇರಿಬಿಟ್ರೆ ಏನಾಗುತ್ತೆ? ಟ್ರಯಲ್ ಬ್ಯಾಲೆನ್ಸ್ ಹೊಂದಲ್ಲ, ನೋಡಿದವರಿಗೆಲ್ಲ ತಪ್ಪು ಲೆಕ್ಕ ಕಾಣುತ್ತೆ.

ಕೋಡೂ ಹಾಗೇ. ಅರ್ಧ ಬರೆದ ಪತ್ರ ಅರ್ಧ ಪತ್ರ, ಅದರಿಂದ ಯಾರಿಗೂ ತೊಂದರೆ ಇಲ್ಲ. ಅರ್ಧ ಬರೆದ ಪ್ರೋಗ್ರಾಂ ಮುರಿದ ಪ್ರೋಗ್ರಾಂ. ಅದೂ ಅಲ್ಲದೆ ಆ ಫೈಲನ್ನ ನಾವೊಬ್ಬರೇ ನೋಡ್ತಿರಲ್ಲ. ಫೈಲ್ ಬದಲಾದ ಕೂಡಲೇ ಮತ್ತೆ ಕಂಪೈಲ್ ಮಾಡೋ, ಸರ್ವರ್ ರೀಸ್ಟಾರ್ಟ್ ಮಾಡೋ, ಟೆಸ್ಟ್ ಓಡಿಸೋ ಉಪಕರಣಗಳು ಕಾದು ಕೂತಿರ್ತವೆ. ನೀವು ಬ್ರಾಕೆಟ್ ಮುಚ್ಚೋ ಮುಂಚೆ ಎಡಿಟರ್ ಸೇವ್ ಮಾಡಿದ್ರೆ ಅವೆಲ್ಲ ಒಟ್ಟಿಗೆ ಕೂಗ್ತವೆ.

ಅಂದ್ರೆ ಸೇವ್ ಅನ್ನೋ ಒಂದೇ ಪದದಲ್ಲಿ ಎರಡು ಕೆಲಸ ಸೇರ್ಕೊಂಡಿವೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತಿದೆ. ಒಂದು ಉಳಿಸೋದು, ಅಂದ್ರೆ ಕಳೆದುಹೋಗದ ಹಾಗೆ ನೋಡ್ಕೊಳ್ಳೋದು. ಇನ್ನೊಂದು ಒಪ್ಪಿಸೋದು, ಅಂದ್ರೆ ‘ಇದು ಆಯ್ತು, ನೋಡಿ’ ಅಂತ ಹೇಳೋದು. ಉಳಿಸೋದನ್ನ ಯಂತ್ರ ಮಾಡಬಹುದು. ಒಪ್ಪಿಸೋದಕ್ಕೆ ಮನುಷ್ಯ ಬೇಕು.

ಹಳೇ ಎಡಿಟರ್‌ಗಳಿಗೆ ಇದು ಗೊತ್ತಿತ್ತು. ಈಮ್ಯಾಕ್ಸ್ ಸುಮಾರು 300 ಕೀಲಿ ಒತ್ತಿದ ಮೇಲೆ, ಅಥವಾ ನೀವು 30 ಸೆಕೆಂಡ್ ಸುಮ್ಮನಿದ್ದಾಗ, ತಾನೇ ಉಳಿಸುತ್ತೆ. ಆದರೆ ಮೂಲ ಫೈಲಿನಲ್ಲಲ್ಲ, ಹೆಸರಿನ ಎರಡೂ ಬದಿಗೆ ಹ್ಯಾಷ್ ಗುರುತು ಇರೋ ಬೇರೆ ಫೈಲಿನಲ್ಲಿ. 1991ರಲ್ಲಿ ಬಂದ ವಿಮ್ 200 ಅಕ್ಷರಕ್ಕೊಮ್ಮೆ, ಅಥವಾ 4 ಸೆಕೆಂಡ್ ಬಿಡುವು ಸಿಕ್ಕಾಗ, ತನ್ನ ಸ್ವಾಪ್ ಫೈಲಿಗೆ ಬರೆಯುತ್ತೆ. ಉಳಿಸೋದು ತಾನಾಗಿ, ಒಪ್ಪಿಸೋದು ನೀವು ಹೇಳಿದಾಗ.

2001ರಲ್ಲಿ ಜೆಟ್‌ಬ್ರೇನ್ಸ್ ಕಂಪನಿಯ ಇಂಟೆಲಿಜೆ ಬಂತು. ಅದು ಬೇರೆ ದಾರಿ ಹಿಡೀತು: ಮೂಲ ಫೈಲನ್ನೇ ತಾನಾಗಿ ಸೇವ್ ಮಾಡುತ್ತೆ, ಹಿಂದಕ್ಕೆ ಹೋಗಬೇಕಂದ್ರೆ ‘ಲೋಕಲ್ ಹಿಸ್ಟರಿ’ ಇಟ್ಟಿರುತ್ತೆ. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ‘ಗಿಟ್’ ಬರೆದ ಮೇಲೆ ಈ ದಾರಿಗೆ ಇನ್ನಷ್ಟು ಬಲ ಬಂತು. ಯಾಕಂದ್ರೆ ಒಪ್ಪಿಸೋ ಕೆಲಸ ಈಗ ಗಿಟ್‌ನ ‘ಕಮಿಟ್’ಗೆ ಹೋಯ್ತು.

2015ರಲ್ಲಿ ಬಂದ ವಿಎಸ್ ಕೋಡ್‌ನಲ್ಲಿ ಆಟೊ ಸೇವ್ ಇದೆ, ಆದರೆ ಕಂಪ್ಯೂಟರ್‌ಗೆ ಹಾಕಿಕೊಂಡಾಗ ಅದು ಆಫ್ ಆಗಿರುತ್ತೆ. ಆನ್ ಮಾಡಿದ್ರೆ ಟೈಪಿಂಗ್ ನಿಂತ 1 ಸೆಕೆಂಡ್ ನಂತರ, ಅಥವಾ ನೀವು ಬೇರೆ ಫೈಲಿಗೆ ಹೋದಾಗ, ಅಥವಾ ಬೇರೆ ಕಿಟಕಿಗೆ ಹೋದಾಗ ಸೇವ್ ಆಗೋ ಹಾಗೆ ಇಟ್ಕೋಬಹುದು. ಸೇವ್ ಮಾಡದೆ ಮುಚ್ಚಿದ್ರೂ ತೆರೆದಾಗ ಬರಹ ಹಾಗೇ ಸಿಗೋ ‘ಹಾಟ್ ಎಕ್ಸಿಟ್’ 2016ರಲ್ಲಿ ಬಂತು. ಅಂದ್ರೆ ಸುತ್ತಿ ಬಳಸಿ ಈಮ್ಯಾಕ್ಸ್‌ನ ಹಳೇ ದಾರಿಗೇ ಬಂದ ಹಾಗಾಯ್ತು.

ಒಂದು ಎಚ್ಚರಿಕೆ. ನೀವು ಸೇವ್ ಒತ್ತಿದ ಕ್ಷಣವೇ ಅಕ್ಷರಗಳು ಡಿಸ್ಕ್ ತಲುಪಿರಲೇಬೇಕು ಅಂತ ಇಲ್ಲ. ವೇಗಕ್ಕಾಗಿ ಆಪರೇಟಿಂಗ್ ಸಿಸ್ಟಂ ಕೆಲವು ಸೆಕೆಂಡ್ ತನ್ನ ಬಳಿಯೇ ಇಟ್ಕೋಬಹುದು. 2009ರಲ್ಲಿ ಲಿನಕ್ಸ್‌ನ ಹೊಸ ಫೈಲ್ ವ್ಯವಸ್ಥೆ ‘ಎಕ್ಸ್ಟ್4’ ಬಳಸಿದ ಕೆಲವರಿಗೆ, ಯಂತ್ರ ಕುಸಿದು ಎದ್ದಾಗ ಫೈಲ್ ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ. ದೊಡ್ಡ ಚರ್ಚೆಯೇ ಆಯ್ತು. ಈಗ ಪರಿಸ್ಥಿತಿ ಸುಧಾರಿಸಿದೆ, ಆದರೂ ಡೆಸ್ಕ್‌ಟಾಪ್ ಇದ್ದವರಿಗೆ ಯುಪಿಎಸ್ ದಂಡ ಅಲ್ಲ.

ಉಳಿಸೋದು, ಒಪ್ಪಿಸೋದು ಅಂದಾಗ ನನಗೆ ನೆನಪಾಗೋದು ನಡಿಕೇರಿಯಂಡ ಚಿಣ್ಣಪ್ಪ. ಕೊಡವ ಹಾಡುಗಳು ತಲೆಮಾರುಗಳಿಂದ ಬಾಯಲ್ಲೇ ಉಳಿದಿದ್ದವು. ಪ್ರತಿ ಸಲ ಹಾಡಿದಾಗಲೂ ತಾನಾಗಿ ಸೇವ್ ಆದ ಹಾಗೆ. ಆದರೆ ಹಾಡುವವರು ಇಲ್ಲವಾದರೆ ಅದೂ ಇಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ಚಿಣ್ಣಪ್ಪ ಆ ಹಾಡುಗಳನ್ನ, ಪದ್ಧತಿಗಳನ್ನ, ಗಾದೆಗಳನ್ನ ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ಯಾಗಿ 1924ರಲ್ಲಿ ಪ್ರಕಟಿಸಿದರು. ಯಾರೋ ಒಬ್ಬರು ಕೂತು ಒಪ್ಪಿಸಿದ್ದರಿಂದ ನೂರು ವರ್ಷದ ಮೇಲೂ ಅದು ನಮ್ಮ ಕೈಯಲ್ಲಿದೆ.

ಹಾಗಾದ್ರೆ ನಾವೇನು ಮಾಡೋದು? ಮಳೆಗಾಲದಲ್ಲಿ ಕೊಡಗಿನಲ್ಲಿ ಕೂತು ಕೆಲಸ ಮಾಡೋರಿಗೆ ನನ್ನ ಸಲಹೆ ಇಷ್ಟು. ಕಿಟಕಿ ಬದಲಾದಾಗ ಸೇವ್ ಆಗೋ ಆಯ್ಕೆ ಹಾಕ್ಕೊಳ್ಳಿ, ಅರ್ಧ ಸಾಲು ಸೇವ್ ಆಗೋ ಕಾಟ ಕಡಿಮೆ. ಒಂದು ಭಾಗ ಸರಿ ಬಂದ ಕೂಡಲೇ ಕಮಿಟ್ ಮಾಡಿ. ನೆಟ್‌ವರ್ಕ್ ಸಿಕ್ಕಾಗ ಹೊರಗಿನ ಸರ್ವರ್‌ಗೆ ಪುಶ್ ಮಾಡಿ. ಇಲ್ಲಾಂದ್ರೆ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರುತ್ತೆ, 1978ರ ಬಿಲ್ ಜಾಯ್ ಥರ.

ನಿಮ್ಮ ಎಡಿಟರ್‌ನಲ್ಲಿ ಆಟೊ ಸೇವ್ ಆನ್ ಇದೆಯಾ, ಆಫ್ ಇದೆಯಾ? ಯಾಕೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.